ಸಾಗರದಲ್ಲಿ ಕೂತು ಆಸ್ಟಿನ್ ಕಂಪನಿಗೆ ಕೆಲಸ: ಸಹಿ ಹಾಕುವ ಮೊದಲು ಮಾಡಬೇಕಾದ ಲೆಕ್ಕ

ಪ್ರಶ್ನೆ: ನನಗೆ 31 ವರ್ಷ. ಏಳು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಡೆವಲಪರ್. ಊರು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ, ಅಮ್ಮ ಇಬ್ಬರೇ ಇದ್ದಾರೆ, ಹಾಗಾಗಿ ಊರಿಗೆ ಬಂದು ಅಲ್ಲಿಂದಲೇ ಕೆಲಸ ಮಾಡಬೇಕೆಂದಿದ್ದೇನೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿರುವ ಸಣ್ಣ ಕಂಪನಿಯೊಂದು ‘ಕಾಂಟ್ರಾಕ್ಟರ್’ ಆಗಿ ಬಂದರೆ ತಿಂಗಳಿಗೆ 4,000 ಡಾಲರ್ ಕೊಡುತ್ತೇವೆ, ತೆರಿಗೆ ನಿಮ್ಮದೇ ಜವಾಬ್ದಾರಿ ಎಂದಿದೆ. ಅದು ಬೇಡವೆಂದರೆ ಭಾರತದ ಒಂದು ಸಂಸ್ಥೆಯ ಪೇರೋಲ್ ಮೂಲಕ ನೌಕರನಾಗಿ ಸೇರಬಹುದು, ಆಗ ವರ್ಷಕ್ಕೆ 34 ಲಕ್ಷ ರೂಪಾಯಿ. ಗೆಳೆಯರು ‘ಫಾರಿನ್ ದುಡ್ಡಿಗೆ ಇಲ್ಲಿ ಟ್ಯಾಕ್ಸ್ ಇಲ್ಲ, ಸೇವಿಂಗ್ಸ್ ಅಕೌಂಟಿಗೆ ಹಾಕಿಸ್ಕೋ’ ಅನ್ನುತ್ತಾರೆ. ಅಮೆರಿಕದಲ್ಲೂ ತೆರಿಗೆ ಕಟ್ಟಬೇಕಾ? ಜಿಎಸ್‌ಟಿ ಬೇಕಾ? ಕಂಪನಿ ರಿಜಿಸ್ಟರ್ ಮಾಡಿಸಬೇಕಾ? ಎರಡು ವರ್ಷದೊಳಗೆ ಊರಿನ ಮನೆ ಕಟ್ಟಲು ಸಾಲ ತೆಗೆಯುವ ಯೋಚನೆಯೂ ಇದೆ.

ಉತ್ತರ: ಮೊದಲು ಗೆಳೆಯರ ಮಾತನ್ನು ಪಕ್ಕಕ್ಕಿಡಿ. ಭಾರತದಲ್ಲಿ ವಾಸವಾಗಿದ್ದು, ಭಾರತದಲ್ಲೇ ಕೂತು ದುಡಿದ ದುಡ್ಡು ಯಾವ ದೇಶದಿಂದ ಬಂದರೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಡಾಲರಿನಲ್ಲಿ ಬಂತು ಅನ್ನುವುದರಿಂದ ಏನೂ ಬದಲಾಗುವುದಿಲ್ಲ. ಕಂಪನಿ ರಿಜಿಸ್ಟರ್ ಮಾಡಿಸುವ ಅಗತ್ಯವೂ ಇಲ್ಲ. ನಿಮ್ಮ ಹೆಸರಿನಲ್ಲಿ, ನಿಮ್ಮ ಪಾನ್ ಮೇಲೆಯೇ ಎಲ್ಲವೂ ನಡೆಯುತ್ತದೆ. ಒಬ್ಬನೇ ಗ್ರಾಹಕನಿರುವ ಒಬ್ಬನೇ ವ್ಯಕ್ತಿ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರೆ ಪ್ರತಿ ವರ್ಷ ಆಡಿಟ್ ಮತ್ತು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕಾದ ದಾಖಲೆಗಳ ಖರ್ಚು ಬರುತ್ತದೆಯೇ ಹೊರತು ನಿಮ್ಮ ಆದಾಯದ ಮಟ್ಟದಲ್ಲಿ ಲಾಭ ಕಾಣುವುದಿಲ್ಲ.

ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಕಾಗದದಲ್ಲಿದೆ. ಅದು ನಿಮ್ಮ ಒಪ್ಪಂದ ಪತ್ರ. ಕಂಪನಿಯವರು ಇಮೇಲ್‌ನಲ್ಲಿ ‘ಕಾಂಟ್ರಾಕ್ಟರ್’ ಎಂದು ಬರೆದ ಮಾತ್ರಕ್ಕೆ ನೀವು ಕಾಂಟ್ರಾಕ್ಟರ್ ಆಗುವುದಿಲ್ಲ. ಒಪ್ಪಂದ, ಇನ್‌ವಾಯ್ಸ್, ಬ್ಯಾಂಕಿನ ದಾಖಲೆ, ತೆರಿಗೆ ರಿಟರ್ನ್, ಈ ನಾಲ್ಕೂ ಒಂದೇ ಮಾತು ಹೇಳಬೇಕು. ನೋಟಿಸ್ ಬರುವುದು ಸಾಮಾನ್ಯವಾಗಿ ತೆರಿಗೆ ಕದ್ದವರಿಗಷ್ಟೇ ಅಲ್ಲ. ಒಂದು ಕಡೆ ‘ಸಂಬಳ’, ಇನ್ನೊಂದು ಕಡೆ ‘ಸೇವಾ ಶುಲ್ಕ’, ಮತ್ತೊಂದು ಕಡೆ ‘ಮನೆ ಖರ್ಚಿಗೆ ಕಳಿಸಿದ ಹಣ’ ಎಂದು ದಾಖಲಾದ ಪ್ರಾಮಾಣಿಕರಿಗೂ ಬರುತ್ತದೆ.

ನೌಕರನೋ, ವೃತ್ತಿಪರನೋ

ಅವರು ಕಳಿಸಿರುವ ಕರಡು ಒಪ್ಪಂದವನ್ನು ತೆಗೆದು ಓದಿ. ದಿನಕ್ಕೆ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಲಾಗಿನ್ ಇರಬೇಕು, ವರ್ಷಕ್ಕೆ 15 ದಿನ ಸಂಬಳಸಹಿತ ರಜೆ, ಬೇರೆ ಯಾರಿಗೂ ಕೆಲಸ ಮಾಡಕೂಡದು, ಕಂಪನಿಯ ನೌಕರರ ಕೈಪಿಡಿ ನಿಮಗೂ ಅನ್ವಯ, ಮ್ಯಾನೇಜರ್ ಹೇಳಿದ ಯಾವ ಕೆಲಸವನ್ನಾದರೂ ಮಾಡಬೇಕು ಎಂದೆಲ್ಲ ಇದ್ದರೆ, ತಲೆಬರಹದಲ್ಲಿ ಏನೇ ಇರಲಿ, ಅದು ನೌಕರಿ. ಆ ಹಣ ‘ಸಂಬಳ’ದ ಶೀರ್ಷಿಕೆಯಡಿ ಬರುತ್ತದೆ. ವೃತ್ತಿಪರರಿಗೆ ಇರುವ ಸರಳ ತೆರಿಗೆ ವ್ಯವಸ್ಥೆ ಅದಕ್ಕೆ ಸಿಗುವುದಿಲ್ಲ.

ನಿಜವಾದ ಸೇವಾ ಒಪ್ಪಂದದಲ್ಲಿ ಕೆಲಸದ ವ್ಯಾಪ್ತಿ ಬರೆದಿರುತ್ತದೆ. ತಿಂಗಳ ಕೊನೆಗೆ ನೀವು ಇನ್‌ವಾಯ್ಸ್ ಕೊಟ್ಟ ಮೇಲೆ ಇಂತಿಷ್ಟು ದಿನದಲ್ಲಿ ಪಾವತಿ ಎಂದಿರುತ್ತದೆ. ಲ್ಯಾಪ್‌ಟಾಪ್ ನಿಮ್ಮದು, ಬೇರೆ ಗ್ರಾಹಕರನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವಿದೆ, ಕೆಲಸ ಹೇಗೆ ಮಾಡಬೇಕೆಂಬ ತೀರ್ಮಾನ ನಿಮ್ಮದು. ಮೀಟಿಂಗಿಗೆ ನಿಗದಿತ ಸಮಯದಲ್ಲಿ ಸಿಗಬೇಕು ಎಂದಿದ್ದರೆ ತೊಂದರೆಯಿಲ್ಲ. ಇಡೀ ದಿನದ ಹಾಜರಾತಿ ಬೇರೆ ವಿಷಯ.

ಕರಡಿನಲ್ಲಿ ನೌಕರಿಯ ಸಾಲುಗಳಿದ್ದರೆ ಬದಲಾಯಿಸಲು ಕೇಳಿ, ಸಣ್ಣ ಕಂಪನಿಗಳು ಸಾಮಾನ್ಯವಾಗಿ ಒಪ್ಪುತ್ತವೆ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ನಿಜದಲ್ಲಿ ಅವರು ನಿಮ್ಮನ್ನು ನೌಕರನ ಹಾಗೆಯೇ ದುಡಿಸಿಕೊಳ್ಳುವುದಾದರೆ ಕಾಗದದಲ್ಲಿ ಮಾತ್ರ ವೃತ್ತಿಪರನ ವೇಷ ಹಾಕಿಕೊಳ್ಳಬೇಡಿ. ಆಗ ಪೇರೋಲ್ ಸಂಸ್ಥೆಯ ದಾರಿಯೇ ಸರಿ. ಮೂರನೇ ಸಾಧ್ಯತೆಯೂ ಒಂದಿದೆ. ಆಸ್ಟಿನ್ ಕಂಪನಿ ನೇರವಾಗಿ ನಿಮ್ಮನ್ನು ನೌಕರ ಎಂದು ಸೇರಿಸಿಕೊಂಡು ಡಾಲರಿನಲ್ಲಿ ಸಂಬಳ ಕಳಿಸುವುದು. ಇದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಸಂಬಳದ ತೆರಿಗೆ ಪೂರ್ತಿ ಬೀಳುತ್ತದೆ, ಫಾರಂ 16 (ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಬಗ್ಗೆ ಕಂಪನಿ ಕೊಡುವ ಪ್ರಮಾಣಪತ್ರ) ಸಿಗುವುದಿಲ್ಲ, ಪಿಎಫ್ ಇಲ್ಲ, ಮುಂಗಡ ತೆರಿಗೆಯನ್ನು ವರ್ಷಕ್ಕೆ ನಾಲ್ಕು ಕಂತಿನಲ್ಲಿ ನೀವೇ ಕಟ್ಟಬೇಕು.

ಒಪ್ಪಂದದಲ್ಲಿ ಇನ್ನು ಮೂರು ಕಡೆ ಕಣ್ಣಿಡಿ. ನೀವು ಬರೆದ ಕೋಡ್‌ನ ಹಕ್ಕು ಕಂಪನಿಗೆ ಸೇರುವುದು ಸಹಜ, ಆದರೆ ಹಕ್ಕು ವರ್ಗಾವಣೆ ಆ ಕೆಲಸದ ಶುಲ್ಕ ಪಾವತಿಯಾದ ಮೇಲೆ ಎಂಬ ಸಾಲನ್ನು ಸೇರಿಸಿ. ಅವರ ವಕೀಲರು ‘ಶಾಶ್ವತ’, ‘ವಿಶ್ವದಾದ್ಯಂತ’ ಎಂಬ ಪದಗಳನ್ನು ಬಿಡದೆ ಹಾಕಿಸುತ್ತಾರೆ. ಕಾರಣವಿಷ್ಟೇ: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ಹೇಳದಿದ್ದರೆ ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಎರಡನೆಯದು ನಷ್ಟಭರ್ತಿಯ ಷರತ್ತು. ನಿಮ್ಮಿಂದ ಕಂಪನಿಗೆ ನಷ್ಟವಾದರೆ ನೀವು ಕೊಡಬೇಕಾದ ಮೊತ್ತಕ್ಕೆ ಮಿತಿ ಇರಲೇಬೇಕು. ಹಿಂದಿನ ಮೂರು ಅಥವಾ ಆರು ತಿಂಗಳ ಶುಲ್ಕಕ್ಕಿಂತ ಹೆಚ್ಚಲ್ಲ ಎಂದು ಬರೆಸಿ. ಮಿತಿಯಿಲ್ಲದ ನಷ್ಟಭರ್ತಿಗೆ ಸಹಿ ಹಾಕಬೇಡಿ. ಮೂರನೆಯದು ನೋಟಿಸ್ ಅವಧಿ. ಟೆಕ್ಸಾಸ್ ಕಾನೂನಿನಡಿಯ ಒಪ್ಪಂದಕ್ಕಾಗಿ ಸಾಗರದಿಂದ ಹೋಗಿ ದಾವೆ ಹೂಡುವುದು ಆಗದ ಮಾತು. ಹಾಗಾಗಿ ನಿಮಗಿರುವ ನಿಜವಾದ ರಕ್ಷಣೆ ಎಂದರೆ 30 ದಿನದ ನೋಟಿಸ್ ಮತ್ತು ಕಡಿಮೆ ಬಾಕಿ. ಇನ್‌ವಾಯ್ಸ್ ಕೊಟ್ಟ 30 ದಿನಕ್ಕೆ ಪಾವತಿ ಎಂದರೆ ಯಾವ ಹೊತ್ತಿಗೂ ಎರಡು ತಿಂಗಳ ದುಡಿಮೆ ಅವರ ಕೈಯಲ್ಲಿರುತ್ತದೆ. ಹದಿನೈದು ದಿನಕ್ಕೊಂದು ಇನ್‌ವಾಯ್ಸ್, 7 ದಿನದಲ್ಲಿ ಪಾವತಿ ಎಂದು ಕೇಳಿ.

ತೆರಿಗೆಯ ಲೆಕ್ಕ

ಡಾಲರಿಗೆ 85 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ 3,40,000, ವರ್ಷಕ್ಕೆ 40,80,000 ರೂಪಾಯಿ.

ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿಎ ಎಂಬುದು ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನ ಮುಂತಾದ ವೃತ್ತಿಯವರಿಗೆ ಇರುವ ಅಂದಾಜು ಆದಾಯದ ವ್ಯವಸ್ಥೆ. ವರ್ಷದ ಒಟ್ಟು ಜಮೆ 50 ಲಕ್ಷದೊಳಗೆ ಇರಬೇಕು. ನಗದು ಜಮೆ ಶೇ 5 ಮೀರದಿದ್ದರೆ ಮಿತಿ 75 ಲಕ್ಷ. ನಿಮ್ಮದು ಪೂರ್ತಿ ಬ್ಯಾಂಕ್ ಮೂಲಕವೇ ಆದ್ದರಿಂದ 75 ಲಕ್ಷದ ಮಿತಿ. ಜಮೆಯ ಅರ್ಧವನ್ನು ಆದಾಯ ಎಂದು ಘೋಷಿಸಿದರೆ ಸಾಕು, ಉಳಿದರ್ಧ ಖರ್ಚು ಎಂದು ಕಾನೂನೇ ಒಪ್ಪಿಕೊಳ್ಳುತ್ತದೆ. ಲೆಕ್ಕದ ಪುಸ್ತಕ, ಆಡಿಟ್ ಬೇಡ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಆದಾಯ ತೆರಿಗೆ ಕಾಯ್ದೆ 2025ರಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ವ್ಯವಸ್ಥೆ ಮುಂದುವರಿದಿದೆ. ಆಡಿಟರ್‌ಗಳು ಇನ್ನೂ ಹಳೆಯ ಸಂಖ್ಯೆಯನ್ನೇ ಹೇಳುವುದರಿಂದ ಇಲ್ಲಿಯೂ ಅದನ್ನೇ ಬಳಸಿದ್ದೇನೆ.

40.8 ಲಕ್ಷದ ಅರ್ಧ 20,40,000. ಹೊಸ ಪದ್ಧತಿಯ 2025-26ರ ಸ್ಲ್ಯಾಬ್ ಪ್ರಕಾರ ಮೊದಲ 4 ಲಕ್ಷಕ್ಕೆ ಏನಿಲ್ಲ. ಮುಂದಿನ ನಾಲ್ಕು ನಾಲ್ಕು ಲಕ್ಷಕ್ಕೆ ಶೇ 5, 10, 15, 20ರಂತೆ 20,000, 40,000, 60,000, 80,000. ಉಳಿದ 40,000 ರೂಪಾಯಿಗೆ ಶೇ 25ರಂತೆ 10,000. ಒಟ್ಟು 2,10,000, ಮೇಲೆ ಶೇ 4 ಸೆಸ್ 8,400. ಕಟ್ಟಬೇಕಾದ್ದು 2,18,400 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ 18,200. ಪ್ರತಿ ತಿಂಗಳು ಡಾಲರ್ ಜಮೆಯಾದ ದಿನವೇ ಈ 18,200ನ್ನು ಇನ್ನೊಂದು ಖಾತೆಗೆ ಹಾಕಿ, ಅದು ನಿಮ್ಮ ದುಡ್ಡಲ್ಲ ಎಂದೇ ತಿಳಿಯಿರಿ.

ಇದೇ 40.8 ಲಕ್ಷ ಸಂಬಳವಾಗಿದ್ದರೆ? 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 40,05,000ಕ್ಕೆ ಸೆಸ್ ಸೇರಿ 8,12,760 ರೂಪಾಯಿ. ವ್ಯತ್ಯಾಸ ಆರು ಲಕ್ಷದ ಹತ್ತಿರ. ಒಪ್ಪಂದದ ಭಾಷೆಯ ಬಗ್ಗೆ ಅಷ್ಟು ಉದ್ದ ಹೇಳಿದ್ದು ಇದಕ್ಕೇ. ಆರು ಲಕ್ಷ ತೂಗುವ ತಕ್ಕಡಿಯಲ್ಲಿ ಇಲಾಖೆಯೂ ಕಣ್ಣಿಟ್ಟಿರುತ್ತದೆ.

44ಎಡಿಎ ಆಯ್ದವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕು. ಆಮೇಲೆ ರಿಟರ್ನ್ ಜೊತೆ ಕಟ್ಟಿದರಾಯಿತು ಎಂದುಕೊಳ್ಳುವುದು ಮೊದಲ ವರ್ಷದವರು ಮಾಡುವ ತಪ್ಪು. ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರಂತೆ ಬಡ್ಡಿ ಓಡುತ್ತದೆ. ಮಾರ್ಚ್ 15 ತಪ್ಪಿದರೂ 31ರೊಳಗೆ ಕಟ್ಟಿದರೆ ಶೇ 1ರಷ್ಟರಲ್ಲೇ ಮುಗಿಯುತ್ತದೆ.

ರಿಟರ್ನ್ ಫಾರಂ ಐಟಿಆರ್-4. ವರ್ಷದ ನಡುವೆ ಕೆಲಸ ಬದಲಿಸಿದರೆ ಹಳೆಯ ಸಂಬಳವನ್ನೂ ಅದರಲ್ಲೇ ತೋರಿಸಬಹುದು, ಒಟ್ಟು ಆದಾಯ 50 ಲಕ್ಷ ಮೀರಬಾರದು. ಆದರೆ ಕಂಪನಿ ನಿಮಗೆ ಷೇರು ಕೊಟ್ಟರೆ ಅಥವಾ ವಿದೇಶಿ ಬ್ಯಾಂಕ್ ಖಾತೆ ಇದ್ದರೆ ಐಟಿಆರ್-4 ನಡೆಯದು. ಐಟಿಆರ್-3 ಹಾಕಿ ವಿದೇಶಿ ಆಸ್ತಿಯ ಷೆಡ್ಯೂಲ್ ತುಂಬಬೇಕು. ಅದನ್ನು ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷದವರೆಗೆ ದಂಡ ಬೀಳುವ ಅಪಾಯವಿದೆ. ಹಳೇ ಪದ್ಧತಿಗೆ ಹೋಗುವ ಯೋಚನೆಯಿದ್ದರೆ ಇನ್ನೊಂದು ಎಚ್ಚರ: ವೃತ್ತಿ ಆದಾಯ ಇರುವವರು ಸಂಬಳದವರ ಹಾಗೆ ವರ್ಷ ವರ್ಷ ಅತ್ತಿತ್ತ ಹಾರುವಂತಿಲ್ಲ, ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳುವ ಅವಕಾಶ ಒಮ್ಮೆ ಮಾತ್ರ. ನಿಮ್ಮ ಲೆಕ್ಕಕ್ಕೆ ಹೊಸ ಪದ್ಧತಿಯೇ ಸಾಕು.

ಅಮೆರಿಕದ ತೆರಿಗೆ ವಿಷಯ ಸರಳ. ಸೇವೆಯ ಆದಾಯ ಎಲ್ಲಿಯದು ಎಂಬುದನ್ನು ಅಲ್ಲಿನ ಕಾನೂನು ಕೆಲಸ ನಡೆದ ಜಾಗ ನೋಡಿ ನಿರ್ಧರಿಸುತ್ತದೆ. ನೀವು ಕೂತದ್ದು ಸಾಗರದಲ್ಲಿ, ಆದ್ದರಿಂದ ಅಲ್ಲಿ ತೆರಿಗೆ ಇಲ್ಲ. ಅದನ್ನು ಕಂಪನಿಯ ಕಡತಕ್ಕೆ ತೋರಿಸಲು ಡಬ್ಲ್ಯೂ-8ಬಿಇಎನ್ ಎಂಬ ಒಂದು ಪುಟದ ಫಾರಂ ತುಂಬಿ ಕಂಪನಿಗೇ ಕೊಡಬೇಕು, ಅಮೆರಿಕ ಸರ್ಕಾರಕ್ಕೆ ಅಲ್ಲ. ವಿದೇಶಿ ತೆರಿಗೆ ಸಂಖ್ಯೆ ಕೇಳುವ 6ಎ ಸಾಲಿನಲ್ಲಿ ಪಾನ್ ಬರೆಯಿರಿ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಇಲ್ಲಿ ತಪ್ಪುವವರು ಬಹಳ. ಸಹಿ ಹಾಕಿದ ವರ್ಷ ಕಳೆದು ಮೂರನೇ ವರ್ಷದ ಡಿಸೆಂಬರ್ 31ರವರೆಗೆ ಅದು ನಡೆಯುತ್ತದೆ. ಕೆಲವು ಕಂಪನಿಗಳ ಲೆಕ್ಕಪತ್ರದವರು ಅಭ್ಯಾಸಬಲದಿಂದ ಡಬ್ಲ್ಯೂ-9 ಕಳಿಸುತ್ತಾರೆ. ಅದು ಅಮೆರಿಕದವರಿಗೆ ಇರುವ ಫಾರಂ, ತುಂಬಬೇಡಿ. ಫಾರಂ ಇಲ್ಲದೆ ಪಾವತಿ ಮಾಡುವ ಕಂಪನಿ ಶೇ 30 ಹಿಡಿದಿಟ್ಟುಕೊಂಡರೆ ಆ ದುಡ್ಡು ವಾಪಸ್ ಪಡೆಯುವುದು ತಿಂಗಳುಗಟ್ಟಲೆ ಪರದಾಟ. ಟೀಮ್ ಮೀಟಿಂಗ್ ಎಂದು ಆಸ್ಟಿನ್‌ಗೆ ಕರೆಸಿಕೊಂಡರೆ ಹೋಗಿ ಬನ್ನಿ, ಆದರೆ ವಿಸಿಟರ್ ವೀಸಾದಲ್ಲಿ ಅಲ್ಲಿ ಕೂತು ಕೋಡ್ ಬರೆಯಬೇಡಿ. ಆಗ ವೀಸಾ ನಿಯಮವೂ ಮುರಿಯುತ್ತದೆ, ಆ ದಿನಗಳ ಆದಾಯದ ಜಾಗವೂ ಬದಲಾಗುತ್ತದೆ.

ಜಿಎಸ್‌ಟಿ: ತೆರಿಗೆ ಸೊನ್ನೆ, ಕಾಗದ ಸೊನ್ನೆಯಲ್ಲ

ಸೇವೆಗಳಿಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ನಿಮ್ಮ ಹಾಗೆ ವಿದೇಶಿ ಗ್ರಾಹಕರಿಗೆ ಕೊಡುವ ಸೇವೆ, ಅಂದರೆ ರಫ್ತೂ ಇದರಲ್ಲಿ ಸೇರುತ್ತದೆ. ತಿಂಗಳಿಗೆ 3.4 ಲಕ್ಷವೆಂದರೆ ಆರನೇ ತಿಂಗಳಲ್ಲಿ ನೀವು 20.4 ಲಕ್ಷ ದಾಟಿದಿರಿ, ಅಲ್ಲಿಂದ 30 ದಿನದಲ್ಲಿ ಅರ್ಜಿ ಹಾಕಬೇಕು. ದಾಟುವುದು ಖಚಿತವಾಗಿರುವಾಗ ಕಾಯುವುದರಲ್ಲಿ ಅರ್ಥವಿಲ್ಲ, ಮೊದಲ ತಿಂಗಳಲ್ಲೇ ನೋಂದಣಿ ಮಾಡಿಸಿ. ಅರ್ಜಿ ಪೋರ್ಟಲ್‌ನಲ್ಲಿ ಉಚಿತ.

ಹಳ್ಳಿ ಮನೆಯವರ ಅರ್ಜಿ ಬಿದ್ದುಹೋಗುವುದು ವಿಳಾಸದ ದಾಖಲೆಯಲ್ಲಿ. ಮನೆ ತಂದೆಯ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ, ಅವರದೇ ಹೆಸರಿನ ಇತ್ತೀಚಿನ ವಿದ್ಯುತ್ ಬಿಲ್, ಗ್ರಾಮ ಪಂಚಾಯಿತಿಯ ತೆರಿಗೆ ರಸೀದಿ ಅಥವಾ ಇ-ಸ್ವತ್ತು ನಮೂನೆ ಬೇಕು. ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿ ಬರುತ್ತಿದ್ದರೆ, ಮಲೆನಾಡಿನಲ್ಲಿ ಇದು ಸಾಮಾನ್ಯ, ಮೊದಲು ಮೀಟರಿನ ಹೆಸರು ಬದಲಿಸಿ. ಅರ್ಜಿಯಲ್ಲಿ ಬರೆಯುವ ಮನೆ ನಂಬರ್ ಮತ್ತು ಊರಿನ ಹೆಸರಿನ ಕಾಗುಣಿತ ಈ ದಾಖಲೆಗಳಲ್ಲಿ ಇರುವ ಹಾಗೆಯೇ ಇರಲಿ. ಆಧಾರ್ ದೃಢೀಕರಣ ಆಯ್ದುಕೊಂಡರೆ ಬೇಗ ಸಿಗುತ್ತದೆ.

ನಂಬರ್ ಬಂದ ದಿನವೇ ಆರ್‌ಎಫ್‌ಡಿ-11 ಎಂಬ ಫಾರಂನಲ್ಲಿ ಎಲ್‌ಯುಟಿ ಸಲ್ಲಿಸಿ. ಇದು ‘ತೆರಿಗೆ ಕಟ್ಟದೆ ರಫ್ತು ಮಾಡುತ್ತೇನೆ, ಷರತ್ತು ಪಾಲಿಸುತ್ತೇನೆ’ ಎಂಬ ಮುಚ್ಚಳಿಕೆ. ಇದಿಲ್ಲದೆ ರಫ್ತು ಮಾಡಿದರೆ ಮೊದಲು ಶೇ 18 ಕಟ್ಟಿ ಆಮೇಲೆ ವಾಪಸ್ ಕೇಳಬೇಕು. ಎಲ್‌ಯುಟಿಯ ಆಯಸ್ಸು ಆ ಹಣಕಾಸು ವರ್ಷ ಮಾತ್ರ, ಪ್ರತಿ ಮಾರ್ಚ್‌ನಲ್ಲಿ ಮುಂದಿನ ವರ್ಷದ್ದು ಹಾಕಬೇಕು. ಮೊದಲ ವರ್ಷ ಆಡಿಟರ್ ಮಾಡಿಕೊಟ್ಟು ಎರಡನೇ ವರ್ಷ ಇಬ್ಬರೂ ಮರೆಯುವುದು ಈ ವಿಷಯದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು.

ರಿಟರ್ನ್ ಮೂರು ತಿಂಗಳಿಗೊಮ್ಮೆ ಹಾಕುವ ಕ್ಯೂಆರ್‌ಎಂಪಿ ವ್ಯವಸ್ಥೆ ಆಯ್ದುಕೊಳ್ಳಿ. ಜಿಎಸ್‌ಟಿಆರ್-1 ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 13ಕ್ಕೆ, ತೆರಿಗೆಯ ಸಾರಾಂಶವಾದ ಜಿಎಸ್‌ಟಿಆರ್-3ಬಿ ಕರ್ನಾಟಕದವರಿಗೆ 22ಕ್ಕೆ. ಇನ್‌ವಾಯ್ಸ್‌ಗಳನ್ನು ಜಿಎಸ್‌ಟಿಆರ್-1ರ 6ಎ ಕೋಷ್ಟಕದಲ್ಲಿ ‘ತೆರಿಗೆ ಪಾವತಿಯಿಲ್ಲದ ರಫ್ತು’ ಎಂದು, 3ಬಿಯಲ್ಲಿ 3.1(ಬಿ) ಸಾಲಿನಲ್ಲಿ ತೋರಿಸಬೇಕು. 3.1(ಎ)ಯಲ್ಲಿ ಬರೆದರೆ ಸ್ಥಳೀಯ ಮಾರಾಟವಾಯಿತು.

ಹಲವರಿಗೆ ಗೊತ್ತಿಲ್ಲದ ಒಂದು ಬಲೆ ಇದೆ. ಕೆಲಸಕ್ಕೆ ಬೇಕಾದ ವಿದೇಶಿ ಕ್ಲೌಡ್, ಸಾಫ್ಟ್‌ವೇರ್ ಚಂದಾಗಳನ್ನು ನೀವು ನಿಮ್ಮ ಜಿಎಸ್‌ಟಿ ನಂಬರ್ ಕೊಟ್ಟು ಕೊಂಡರೆ ಅದು ಸೇವೆಯ ಆಮದು. ಶೇ 18ನ್ನು ರಿವರ್ಸ್ ಚಾರ್ಜ್ ಎಂದು ನೀವೇ ಕಟ್ಟಬೇಕು. ಆ ಚಂದಾಗಳನ್ನು ಕಂಪನಿಯ ಹೆಸರಲ್ಲೇ, ಕಂಪನಿಯ ಕಾರ್ಡಿನಲ್ಲೇ ಕೊಳ್ಳಲು ಹೇಳಿಬಿಡಿ. ರಾಜ್ಯದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಬೇರೆ, ಏಪ್ರಿಲ್ 30ರೊಳಗೆ.

ಒಂದು ಇನ್‌ವಾಯ್ಸ್‌ನ ಪಯಣ

ಕೆಡುವುದು ಹೆಚ್ಚಾಗಿ ಈ ದಾರಿಯಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ತಿಂಗಳ ಕೊನೆಯ ದಿನ ಇನ್‌ವಾಯ್ಸ್ ಬರೆದಿರಿ. ಮೇಲೆ ನಿಮ್ಮ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಎಲ್‌ಯುಟಿಯ ಎಆರ್‌ಎನ್ (ಅರ್ಜಿ ಸ್ವೀಕೃತಿ) ಸಂಖ್ಯೆ. ಇನ್‌ವಾಯ್ಸ್ ಸಂಖ್ಯೆ 16 ಅಕ್ಷರ ಮೀರದೆ ಅನುಕ್ರಮವಾಗಿರಲಿ. ಆಸ್ಟಿನ್ ಕಂಪನಿಯ ಹೆಸರು, ವಿಳಾಸ, ದೇಶ. ಸೇವೆಯ ವಿವರ, ಜಿಎಸ್‌ಟಿಯಲ್ಲಿ ಸೇವೆಯ ಬಗೆಯನ್ನು ಸೂಚಿಸುವ ಎಸ್‌ಎಸಿ ಕೋಡ್ 998314, ಇದು ಐಟಿ ವಿನ್ಯಾಸ ಮತ್ತು ಅಭಿವೃದ್ಧಿ ಸೇವೆಯ ಕೋಡ್. ಮೊತ್ತ 4,000 ಡಾಲರ್, ಪಕ್ಕದಲ್ಲಿ ಅಂದಿನ ದರದ ರೂಪಾಯಿ ಮೌಲ್ಯ. ಕೆಳಗೆ ‘Supply meant for export under LUT without payment of IGST’ ಎಂಬ ಅರ್ಥದ ಇಂಗ್ಲಿಷ್ ಸಾಲು. ‘ಸ್ಯಾಲರಿ’ ಎಂಬ ಪದ ಎಲ್ಲೂ ಬರಬಾರದು, ಕಂಪನಿಯವರು ಹಣ ಕಳಿಸುವಾಗ ಬರೆಯುವ ಟಿಪ್ಪಣಿಯಲ್ಲೂ ಬರಬಾರದು.

ಹಣ ಸ್ವಿಫ್ಟ್, ಅಂದರೆ ದೇಶ ದೇಶಗಳ ಬ್ಯಾಂಕುಗಳ ನಡುವಿನ ಜಾಲದ ಮೂಲಕ ಹೊರಟಿತು. ಕಳಿಸುವವರು ‘ಷೇರ್ಡ್’ ಎಂದು ಆಯ್ದಿದ್ದರೆ ನಡುವಿನ ಬ್ಯಾಂಕ್ 15ರಿಂದ 30 ಡಾಲರ್ ಮುರಿದುಕೊಳ್ಳಬಹುದು. ಒಪ್ಪಂದದಲ್ಲೇ ‘ಅವರ್’ (ಇಂಗ್ಲಿಷಿನ OUR), ಅಂದರೆ ಶುಲ್ಕ ಕಳಿಸುವವರದ್ದು ಎಂದು ಬರೆಸಿ. ಮುರಿದುಕೊಂಡರೂ ತೆರಿಗೆಗೆ ನಿಮ್ಮ ಜಮೆ 4,000 ಡಾಲರೇ.

ನಿಮ್ಮ ಬ್ಯಾಂಕಿಗೆ ಬಂದ ಮೇಲೆ ಅವರು ಕೇಳುವುದು ಪರ್ಪಸ್ ಕೋಡ್, ಅಂದರೆ ಹಣ ಯಾತಕ್ಕಾಗಿ ಬಂತು ಎಂದು ಹೇಳುವ ಸಂಖ್ಯೆ. ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ ಪಿ0802. ನೀವು ಹೇಳದಿದ್ದರೆ ಶಾಖೆಯವರು ಅಭ್ಯಾಸದಂತೆ ಪಿ1301 ಹಾಕಿಬಿಡುವುದುಂಟು. ಅದು ಹೊರದೇಶದಲ್ಲಿರುವ ಮಕ್ಕಳು ಮನೆ ಖರ್ಚಿಗೆ ಕಳಿಸುವ ಹಣದ ಕೋಡ್. ಅಲ್ಲಿಗೆ ನಿಮ್ಮ ರಫ್ತಿನ ಸಾಕ್ಷ್ಯ ಕೈತಪ್ಪಿತು. ಮೊದಲ ಹಣ ಬರುವ ಮುಂಚೆಯೇ ಒಪ್ಪಂದದ ಪ್ರತಿಯೊಂದಿಗೆ ಬ್ಯಾಂಕಿಗೆ ಪತ್ರ ಕೊಟ್ಟು, ಇನ್ನು ಮುಂದೆ ಈ ಕಂಪನಿಯಿಂದ ಬರುವ ಎಲ್ಲ ಹಣಕ್ಕೂ ಪಿ0802 ಹಾಕಿ ಎಂದು ಬರೆದುಕೊಡಿ. ತಾಲ್ಲೂಕು ಶಾಖೆಯಲ್ಲಿ ವಿದೇಶಿ ವಿನಿಮಯದ ಕೌಂಟರ್ ಇಲ್ಲದಿದ್ದರೆ ಅದನ್ನು ನೋಡಿಕೊಳ್ಳುವ ಶಾಖೆ ಯಾವುದು, ಅಲ್ಲಿನ ಇಮೇಲ್ ಯಾವುದು ಎಂದು ಕೇಳಿಟ್ಟುಕೊಳ್ಳಿ. ಉಳಿತಾಯ ಖಾತೆ ವೃತ್ತಿಯ ವ್ಯವಹಾರಕ್ಕಲ್ಲ. ಜಿಎಸ್‌ಟಿ ಪತ್ರ ಮತ್ತು ಉಚಿತವಾಗಿ ಸಿಗುವ ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿ ಪತ್ರ ಕೊಟ್ಟು ಕರೆಂಟ್ ಅಕೌಂಟ್ ತೆರೆಯಿರಿ.

ಆಮೇಲೆ ಪರಿವರ್ತನೆಯ ದರ. ಮಾರುಕಟ್ಟೆ ದರಕ್ಕಿಂತ ಡಾಲರಿಗೆ ಒಂದೇ ರೂಪಾಯಿ ಕಡಿಮೆ ಕೊಟ್ಟರೂ ತಿಂಗಳಿಗೆ 4,000, ವರ್ಷಕ್ಕೆ 48,000 ರೂಪಾಯಿ ಹೋಯಿತು. ಬ್ಯಾಂಕಿನ ಬೋರ್ಡಿನ ಮೇಲಿರುವ ಕಾರ್ಡ್ ರೇಟ್ ಅಂತಿಮವಲ್ಲ; ಪ್ರತಿ ತಿಂಗಳೂ ಬರುವ ಹಣ ಎಂದು ಹೇಳಿ ದರ ಕುದುರಿಸಬಹುದು, ಬರಹದಲ್ಲಿ ಕೇಳಿ. ಪರಿವರ್ತನೆಯ ಸೇವೆಗೆ ಬ್ಯಾಂಕ್ ಹಾಕುವ ಜಿಎಸ್‌ಟಿ 3.4 ಲಕ್ಷಕ್ಕೆ 396 ರೂಪಾಯಿ ಆಗುತ್ತದೆ, ಅದಕ್ಕಿಂತ ಹೆಚ್ಚು ಕಂಡರೆ ಪ್ರಶ್ನಿಸಿ.

ಕೊನೆಗೆ, ಪ್ರತಿ ಜಮೆಗೂ ಎಫ್‌ಐಆರ್‌ಎ, ಅಂದರೆ ವಿದೇಶಿ ಹಣ ಬಂದ ಬಗ್ಗೆ ಬ್ಯಾಂಕಿನ ಸಲಹಾ ಪತ್ರ ಪಡೆಯಿರಿ. ಬ್ಯಾಂಕಿನ ಬದಲು ಆನ್‌ಲೈನ್ ಪಾವತಿ ಸೇವೆಗಳ ಮೂಲಕ ಹಣ ತರಿಸುವವರು ಇಲ್ಲೇ ಎಡವುವುದು. ದರ ಚೆನ್ನಾಗಿರುತ್ತದೆ, ಆದರೆ ಪಾಸ್‌ಬುಕ್ಕಿನಲ್ಲಿ ಕಾಣುವುದು ಭಾರತದ ಯಾವುದೋ ಸಂಸ್ಥೆಯಿಂದ ಬಂದ ರೂಪಾಯಿಯ ನೆಫ್ಟ್ ಮಾತ್ರ. ಜಿಎಸ್‌ಟಿಯಲ್ಲಿ ರಫ್ತು ಎನಿಸಿಕೊಳ್ಳಲು ಹಣ ವಿದೇಶಿ ವಿನಿಮಯದಲ್ಲಿ ಬಂದಿರಬೇಕು ಎಂಬುದು ಮೂಲ ಷರತ್ತು. ಪತ್ರವಿಲ್ಲದಿದ್ದರೆ ಅದು ಸ್ಥಳೀಯ ಜಮೆ ಎಂದು ಅಧಿಕಾರಿ ಹೇಳಬಹುದು, ಆಗ 40.8 ಲಕ್ಷದ ಶೇ 18 ಎಂದರೆ 7,34,400 ರೂಪಾಯಿ. ಆದ್ದರಿಂದ ಎಫ್‌ಐಆರ್‌ಎ ಕೊಡುವ ಸೇವೆಯನ್ನಷ್ಟೇ ಬಳಸಿ, ಬಂದ ವಾರದಲ್ಲೇ ಇಳಿಸಿಕೊಳ್ಳಿ. ಕ್ರಿಪ್ಟೊದಲ್ಲಿ ಕೊಡುತ್ತೇವೆ ಎಂದರೆ ಬೇಡವೆನ್ನಿ, ಅದು ವಿದೇಶಿ ವಿನಿಮಯವಲ್ಲ. ಹಣವನ್ನು ಹೊರದೇಶದ ಖಾತೆಯಲ್ಲಿ ಇಟ್ಟುಕೊಳ್ಳುವುದೂ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ಪ್ರಕಾರ ತಪ್ಪು. ಇನ್‌ವಾಯ್ಸ್ ದಿನದಿಂದ ನಿಗದಿತ ಅವಧಿಯಲ್ಲಿ ಹಣ ಬರದಿದ್ದರೆ ಎಲ್‌ಯುಟಿಯ ಷರತ್ತು ಮುರಿದು ತೆರಿಗೆ ಮತ್ತು ಬಡ್ಡಿ ನಿಮ್ಮ ತಲೆಗೆ.

ಒಂದು ಹಾಳೆ ಇಡಿ: ಇನ್‌ವಾಯ್ಸ್ ಸಂಖ್ಯೆ, ದಿನಾಂಕ, ಡಾಲರ್, ಅಂದಿನ ದರ, ಬಂದ ರೂಪಾಯಿ, ಬಂದ ದಿನ, ಎಫ್‌ಐಆರ್‌ಎ ಸಂಖ್ಯೆ. ನಿಮ್ಮ ಜಿಎಸ್‌ಟಿ ವಹಿವಾಟು ಆದಾಯ ತೆರಿಗೆ ಇಲಾಖೆ ನಿಮ್ಮ ಬಗ್ಗೆ ಇಡುವ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಕಾಣುತ್ತದೆ. ಎರಡೂ ರಿಟರ್ನ್‌ಗಳ ಮೊತ್ತದ ನಡುವೆ ದರದ ವ್ಯತ್ಯಾಸವಿದ್ದರೆ ವಿವರಿಸಲು ಈ ಹಾಳೆಯೇ ಆಧಾರ.

ಊರಿನ ಸಮಯ, ಊರಿನ ಕರೆಂಟು

ಆಸ್ಟಿನ್‌ನ ಬೆಳಗ್ಗೆ 9 ಗಂಟೆ ನಮಗೆ ಸಂಜೆ 7:30. ನವೆಂಬರ್‌ನ ಮೊದಲ ಭಾನುವಾರದಿಂದ ಮಾರ್ಚ್‌ನ ಎರಡನೇ ಭಾನುವಾರದವರೆಗೆ ಅದು ರಾತ್ರಿ 8:30 ಆಗುತ್ತದೆ, ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ. ಮೀಟಿಂಗ್‌ಗಳು ಭಾರತದ ಸಮಯ ಸಂಜೆ 6:30ರಿಂದ ರಾತ್ರಿ 10:30ರೊಳಗೆ ಮಾತ್ರ ಎಂದು ಈಗಲೇ ಒಪ್ಪಿಸಿಕೊಳ್ಳಿ. ಸೇರಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಮಳೆಗಾಲದ ಕರೆಂಟಿಗೆ 12 ವೋಲ್ಟ್, 150 ಎಎಚ್ ಬ್ಯಾಟರಿಯ ಇನ್ವರ್ಟರ್ ಸಾಕು. ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇದ್ದರೂ ಕೈಗೆ ಸಿಗುವುದು ಸುಮಾರು ಅರ್ಧ. ಲ್ಯಾಪ್‌ಟಾಪ್, ಮಾನಿಟರ್, ರೂಟರ್ ಸೇರಿ 120 ವ್ಯಾಟ್ ಎಂದರೆ ಏಳು ಗಂಟೆ ಬರುತ್ತದೆ. ಆದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ರೂಟರ್ ಆಫ್ ಆಗಿ ಮತ್ತೆ ಏಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುವುದುಂಟು, ಕಾಲ್ ಕಡಿಯುವುದು ಆಗಲೇ. ಫೈಬರ್ ಪೆಟ್ಟಿಗೆಗೂ ರೂಟರಿಗೂ ಸಣ್ಣ 12 ವೋಲ್ಟ್ ಡಿಸಿ ಯುಪಿಎಸ್ ಬೇರೆ ಹಾಕಿ. ಎರಡನೇ ಸಂಪರ್ಕ ಮೊದಲನೆಯದಕ್ಕಿಂತ ಬೇರೆ ಕಂಪನಿಯದ್ದಾಗಿರಲಿ, ಒಂದೇ ಕಂಬದ ಕೇಬಲ್ ಮೇಲೆ ಮರ ಬಿದ್ದರೆ ಎರಡೂ ಹೋಗಬಾರದು. ಲ್ಯಾಪ್‌ಟಾಪ್ ಅಮೆರಿಕದಿಂದ ಕಳಿಸುತ್ತೇವೆ ಎಂದರೆ ಕಸ್ಟಮ್ಸ್‌ನಲ್ಲಿ ಸುಂಕ, ವಿವರಣೆ ಎಂದು ವಾರಗಳು ಹೋಗುತ್ತವೆ, ಇಲ್ಲೇ ಕೊಳ್ಳಿ.

ಕೊನೆಗೆ, ಯಾವುದನ್ನು ಒಪ್ಪುವುದು

ಪೇರೋಲ್ ದಾರಿಯಲ್ಲಿ 34 ಲಕ್ಷದಲ್ಲಿ ತೆರಿಗೆ ಬೀಳುವ ಭಾಗ ಸುಮಾರು 33 ಲಕ್ಷ ಎಂದು ಹಿಡಿದರೆ ತೆರಿಗೆ 5,92,800. ಪಿಎಫ್ ಸೇರಿ ನಿಮ್ಮದಾಗುವುದು 28 ಲಕ್ಷದ ಆಸುಪಾಸು. ವೃತ್ತಿಪರರಾಗಿ 40.8ರಲ್ಲಿ 2.18 ಕಳೆದು 38.6 ಲಕ್ಷ. ಹತ್ತೂವರೆ ಲಕ್ಷದ ಅಂತರ ದೊಡ್ಡದೇ. ಅದರಿಂದ ಕಳೆಯಬೇಕಾದ್ದನ್ನೂ ಕಳೆಯಿರಿ: ಆಡಿಟರ್ ಶುಲ್ಕ, ಬ್ಯಾಂಕ್ ದರದ ನಷ್ಟ, ಸಂಬಳವಿಲ್ಲದ ರಜೆ, ಲ್ಯಾಪ್‌ಟಾಪ್, ಪಿಎಫ್‌ನಲ್ಲಿ ಕಂಪನಿಯ ಪಾಲು, ಮೂಲ ವೇತನದ ಶೇ 4.81ರ ಗ್ರಾಚ್ಯುಟಿ, ತಂದೆ-ತಾಯಿಯನ್ನೂ ಸೇರಿಸಿಕೊಂಡ ಆರೋಗ್ಯ ವಿಮೆ. ವಿಮೆಯನ್ನು ಈಗಿನ ಕಂಪನಿಯ ಗುಂಪು ವಿಮೆ ನಿಲ್ಲುವ ಮೊದಲೇ ಮಾಡಿಸಬೇಕು. ಮೊದಲೇ ಇರುವ ಕಾಯಿಲೆಗಳ ಕಾಯುವ ಅವಧಿ ಪಾಲಿಸಿ ಶುರುವಾದ ದಿನದಿಂದ ಎಣಿಕೆಯಾಗುತ್ತದೆ. ಹಳೆಯ ಪಿಎಫ್ ತೆಗೆಯಬೇಡಿ, ಅಲ್ಲೇ ಇರಲಿ. ಇಷ್ಟಾದ ಮೇಲೂ ಐದಾರು ಲಕ್ಷ ವೃತ್ತಿಪರರ ಕಡೆಗೇ ಹೆಚ್ಚು ಉಳಿಯುತ್ತದೆ, ಒಪ್ಪಂದ ನಿಜವಾಗಿ ಸೇವಾ ಒಪ್ಪಂದವಾಗಿದ್ದರೆ.

ನಿಮ್ಮ ವಿಷಯದಲ್ಲಿ ತಕ್ಕಡಿ ವಾಲಿಸುವುದು ಮನೆ ಸಾಲ. ಸಂಬಳದವರಿಗೆ ಬ್ಯಾಂಕ್ ಕೆಲವು ತಿಂಗಳ ಸ್ಲಿಪ್ ಮತ್ತು ಫಾರಂ 16 ನೋಡುತ್ತದೆ. ವೃತ್ತಿಪರರಿಗೆ ಎರಡು ಮೂರು ವರ್ಷದ ರಿಟರ್ನ್ ಕೇಳುತ್ತದೆ, ಅದರಲ್ಲೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ನೀವು ಘೋಷಿಸಿದ 20.4 ಲಕ್ಷವನ್ನು, ಜಮೆಯಾದ 40.8ನ್ನಲ್ಲ. ಎರಡು ವರ್ಷದೊಳಗೆ ಸಾಲ ಬೇಕೇ ಬೇಕು ಎಂದಾದರೆ ಪೇರೋಲ್ ದಾರಿ ಹಿಡಿದು, ಸಾಲ ಮಂಜೂರಾಗಿ ಮನೆ ಎದ್ದ ಮೇಲೆ ಬದಲಾಗುವ ಬಗ್ಗೆ ಕಂಪನಿಯೊಂದಿಗೆ ಮಾತಾಡಿ. ಮೂರು ವರ್ಷ ಕಾಯಬಹುದಾದರೆ ಕಾಂಟ್ರಾಕ್ಟರ್ ಆಗಿ ಸೇರಿ, ಮೇಲಿನ ಐದಾರು ಲಕ್ಷವನ್ನು ವರ್ಷ ವರ್ಷ ಕೂಡಿಟ್ಟರೆ ತೆಗೆಯಬೇಕಾದ ಸಾಲವೇ ಅಷ್ಟು ಕಡಿಮೆಯಾಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಎರಡೂ ಕಡೆಯ ಸಹಿ ಬಿದ್ದ ಒಪ್ಪಂದದ ಪ್ರತಿ ನಿಮ್ಮ ಇಮೇಲ್‌ಗೆ ಬರುವವರೆಗೆ ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.